ಅಂಗಡಿ ಕಟ್ಟೆಯ ಮಾತು: ಮೂವತ್ತೈದು ಸೆಕೆಂಡಿನ ಲೆಕ್ಕ



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಜವಳಿ ಅಂಗಡಿಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಾಕಿಸಿದೆವು. ಅದನ್ನು ಗೋಡೆಗೆ ತೂಗುಹಾಕಲು ಬಂದ ಹುಡುಗ, "ಸಾವ್ಕಾರ್ರ, ಅರ್ಧ ತಾಸು ಎಲ್ಲಾರ್ನೂ ಕರೀರಿ, ಹೆಂಗ ಬಳಸೂದಂತ ತೋರಿಸಿ ಹೋಗ್ತೀನಿ" ಎಂದ. ಆಗ ಲಗ್ನಸರಾಯಿಯ ದಿನಗಳು. ಗಿರಾಕಿ ಬಿಟ್ಟು ಸುಳ್ಳು ಬೆಂಕಿ ಆರಿಸುತ್ತ ಕೂಡಲು ನಮಗೆ ಪುರಸೊತ್ತೆಲ್ಲಿ? "ಬಿಲ್ ಕೊಟ್ಟು ಹೋಗಪಾ" ಎಂದು ಕಳುಹಿಸಿದೆವು.

ಎರಡು ವರ್ಷದ ನಂತರ ಒಂದು ಸಂಜೆ ಹಿಂದಿನ ಗೋದಾಮಿನ ಮೀಟರ್ ಬೋರ್ಡಿನಲ್ಲಿ ಕಿಡಿ ಹಾರಿ, ಪಕ್ಕದ ಚಾದರದ ಗಂಟುಗಳಿಗೆ ಬೆಂಕಿ ಹತ್ತಿತು. ಒಬ್ಬ ಆಳು ಸಿಲಿಂಡರ್ ಇಳಿಸಿಕೊಂಡು ಎಷ್ಟು ಒತ್ತಿದರೂ ಅದು ಬಿಡಲಿಲ್ಲ, ಏಕೆಂದರೆ ಮೊದಲು ಪಿನ್ನು ಕೀಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಮೇನ್ ಸ್ವಿಚ್ಚಿನ ಮುಂದೆ ಟವೆಲಿನ ಗಂಟುಗಳನ್ನು ಒಟ್ಟಿದ್ದೆವು. ನಮ್ಮ ದಿವಾಣಜಿ ಖಾತೆ ಪುಸ್ತಕಗಳನ್ನು ಅವುಚಿಕೊಂಡು ನಿಂತಲ್ಲೇ ನಿಂತುಬಿಟ್ಟರು. ಕೊನೆಗೆ ನೆರೆ ಅಂಗಡಿಯವರು ಬಂದು ಗಂಟು ಎಳೆದು, ಸ್ವಿಚ್ ಇಳಿಸಿ, ಮರಳು ಎರಚಿ ಆರಿಸಿದರು. ಜೀವಹಾನಿ ಆಗಲಿಲ್ಲ, ಅದು ಪುಣ್ಯ.

ಆದರೆ ಅಂದು ನಮ್ಮಿಂದ ಇನ್ನೊಂದು ತಪ್ಪು ನಡೆಯಿತು. ಎಲ್ಲರಿಗಿಂತ ಮೊದಲು ಹೊರಗೆ ಓಡಿದ ಹೊಸ ಹುಡುಗನನ್ನು ನಡುಬೀದಿಯಲ್ಲಿ ನಿಲ್ಲಿಸಿ, ಉಂಡ ಮನೆ ಬಿಟ್ಟು ಓಡಿದವನೆಂದು ನಾಲ್ಕು ಜನರೆದುರು ಬೈದೆವು. ಹತ್ತೊಂಬತ್ತು ವರ್ಷದ ಹುಡುಗ ತಲೆ ತಗ್ಗಿಸಿ ಅತ್ತುಬಿಟ್ಟ. ಮೂವತ್ತು ವರ್ಷದಿಂದ ದಿನವೂ ಸಾಮಾಯಿಕಕ್ಕೆ ಕೂಡುವ ನಮ್ಮ ಬಾಯಿಂದ ಆ ಮಾತು ಬಂದಿತ್ತು. ಸುಟ್ಟ ಮಾಲಿನ ಲೆಕ್ಕ ವಿಮೆಯವರೊಂದಿಗೆ ಮುಗಿಯಿತು, ಈ ಲೆಕ್ಕ ಮಾತ್ರ ಮನಸ್ಸಿನಲ್ಲಿ ಬಾಕಿ ಉಳಿಯಿತು.

ರಜೆಗೆ ಬಂದ ಮೊಮ್ಮಗ ಇದನ್ನೆಲ್ಲ ಕೇಳಿ, "ಅಜ್ಜಾ, ವಿಮಾನ ನಡೆಸೋರು ಇಂಥಾದ್ದನ್ನ ಮೊದಲೇ ಸುಳ್ಳು ವಿಮಾನದಾಗ ಕಲೀತಾರ" ಎಂದು ಒಂದು ಸಂಗತಿ ಹೇಳಿದ. ನಾವು ಮ್ಯಾಟ್ರಿಕ್ ಓದಿದವರು, ಯಂತ್ರಶಾಸ್ತ್ರ ನಮಗೆ ದೂರ. ಆದರೂ ಅವನಿಂದ ಕೇಳಿ, ಓದಿಸಿಕೊಂಡು ತಿಳಿದದ್ದನ್ನು ಓದುಗರ ಮುಂದೆ ಇಡುತ್ತೇವೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬುವರಿದ್ದರು. ಅವರ ತಂದೆಯದು ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ. ವಿಮಾನ ಕಲಿಯಲು ಬಹಳ ಹಣ ಬೇಕಾಗುತ್ತಿದ್ದ ಕಾಲ ಅದು. ಅವರು 1929ರಲ್ಲಿ ಆರ್ಗನ್ ವಾದ್ಯದ ತಿದಿ ಮತ್ತು ಗಾಳಿಪಂಪುಗಳನ್ನೇ ಬಳಸಿ, ನೆಲದ ಮೇಲೆ ನಿಂತು ಅತ್ತಿತ್ತ ವಾಲುವ ಒಂದು ಪುಟ್ಟ ವಿಮಾನ ಕಟ್ಟಿದರು. ಮೊದಮೊದಲು ಅದನ್ನು ಕೊಂಡವರಲ್ಲಿ ಜಾತ್ರೆಯ ಆಟದ ಮೈದಾನದವರೇ ಹೆಚ್ಚು. 1934ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂಚೆ ಒಯ್ಯುವ ಕೆಲಸ ಬಿತ್ತು. ಮಂಜು, ಹಿಮ, ಕತ್ತಲೆಯಲ್ಲಿ ಮೀಟರು ನೋಡಿ ಹಾರುವ ಅಭ್ಯಾಸ ಸಾಲದೆ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಮೇಲೆ ಸೈನ್ಯವು ಲಿಂಕ್ ಅವರ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ ಲಕ್ಷಾಂತರ ವಿಮಾನಚಾಲಕರು ಅದರಲ್ಲಿ ಕುಳಿತು ಕಲಿತಿದ್ದರು.

ಇಂದು ಅದರ ಮೊಮ್ಮಕ್ಕಳಿಗೆ ಸಿಮ್ಯುಲೇಟರ್ ಎನ್ನುತ್ತಾರೆ. ಒಳಗೆ ನಿಜವಾದ ಚಾಲಕನನ್ನು ಕೂಡಿಸುತ್ತಾರೆ. ಹಿಂದೆ ಕುಳಿತ ಗುರು ಗುಂಡಿ ಒತ್ತಿ ಎಂಜಿನ್ ನಿಲ್ಲಿಸುತ್ತಾನೆ, ಮಂಜು ಕವಿಸುತ್ತಾನೆ. ಯಂತ್ರ ಹೇಗೆ ನಡೆಯುವುದೆಂದು ಕಾಗದದ ಮೇಲೆ ಲೆಕ್ಕ ಹಾಕಬಹುದು. ಮನುಷ್ಯನ ಅಂಜಿಕೆ, ಗಲಿಬಿಲಿ, ತಡವರಿಕೆ ಯಾವ ಖಾತೆಯಲ್ಲೂ ಹಿಡಿಯುವುದಿಲ್ಲ. ಅದಕ್ಕೇ ಅವನನ್ನೇ ಒಳಗೆ ಕೂಡಿಸಿ ನೋಡಬೇಕು.

ಇದರ ಬೆಲೆ ತಿಳಿಸುವ ಘಟನೆಯೊಂದಿದೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಗ್ವಾರ್ಡಿಯಾ ನಿಲ್ದಾಣದಿಂದ ಎದ್ದ ವಿಮಾನಕ್ಕೆ ಸುಮಾರು 2,800 ಅಡಿ ಎತ್ತರದಲ್ಲಿ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನುಗಳು ಶಕ್ತಿ ಕಳೆದುಕೊಂಡವು. (ಆ ಹಕ್ಕಿಗಳೂ ಜೀವಗಳೇ.) ಕ್ಯಾಪ್ಟನ್ ಸಲೆನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಯ ನೀರಿನ ಮೇಲೆ ಇಳಿಸಿದರು. ಒಳಗಿದ್ದ 155 ಜನರೂ ಉಳಿದರು. ಆದರೂ ವಿಚಾರಣೆಯಲ್ಲಿ ಪ್ರಶ್ನೆ ಎದ್ದಿತು. ನಿಲ್ದಾಣಕ್ಕೇ ಮರಳಬಹುದಿತ್ತಲ್ಲವೇ? ಬೇರೆ ಚಾಲಕರನ್ನು ಸಿಮ್ಯುಲೇಟರಿನಲ್ಲಿ ಕೂಡಿಸಿ ನೋಡಿದರು. ಹಕ್ಕಿ ಬಡಿದ ಕ್ಷಣವೇ ತಿರುಗಿಸಿದವರಲ್ಲಿ ಕೆಲವರು ರನ್‌ವೇ ಮುಟ್ಟಿದರು. ಆದರೆ ಅವರಿಗೆ ಏನಾಗಲಿದೆ ಎಂದು ಮೊದಲೇ ಗೊತ್ತಿತ್ತು! ನಿಜವಾದ ಚಾಲಕನಿಗೆ ಏನಾಯಿತೆಂದು ತಿಳಿಯಲು, ಯೋಚಿಸಲು, ತೀರ್ಮಾನಿಸಲು ಹೊತ್ತು ಬೇಕು. ಅದಕ್ಕಾಗಿ 35 ಸೆಕೆಂಡು ಸೇರಿಸಿ ಮತ್ತೆ ಹಾರಿಸಿದಾಗ ರನ್‌ವೇ ಸಿಗಲಿಲ್ಲ. 2010ರಲ್ಲಿ ಬಂದ ವರದಿ ನದಿಗೆ ಇಳಿಸಿದ್ದೇ ಸರಿ ಎಂದಿತು.

ಇದನ್ನು ಕೇಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಆ ಹುಡುಗನಿಗೆ ನಾವು 35 ಸೆಕೆಂಡು ಕೊಟ್ಟಿರಲಿಲ್ಲ. ಕಲಿಸಲೂ ಇಲ್ಲ, ಕಲಿಯದ್ದಕ್ಕೆ ಬೈದೆವು.

ಮರುವಾರ ಅಂಗಡಿಯಲ್ಲಿ ಅಣಕು ಬೆಂಕಿಯ ಅಭ್ಯಾಸ ಇಟ್ಟೆವು. ಮೊದಲೇ ಹೇಳಿದ್ದರಿಂದ ಎಲ್ಲರೂ ಒಂದೂವರೆ ನಿಮಿಷದಲ್ಲಿ ನಗುತ್ತ ಹೊರಬಂದರು, ಚಹಾ ಕುಡಿದೆವು, ಖುಷಿಪಟ್ಟೆವು. ಮರುತಿಂಗಳು ಯಾರಿಗೂ ಹೇಳದೆ, ಗಿರಾಕಿಗಳಿದ್ದಾಗಲೇ ಗಂಟೆ ಬಾರಿಸಿದೆವು. ನಾಲ್ಕು ನಿಮಿಷ ದಾಟಿತು. ದಿವಾಣಜಿ ಗಲ್ಲೆಗೆ ಬೀಗ ಹಾಕಲು ಮರಳಿ ಒಳಗೆ ಹೋದರು. ಗಿರಾಕಿ ಹೆಣ್ಣುಮಗಳೊಬ್ಬರು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ನಿಂತು ದಾರಿ ಕಟ್ಟಿತು. ಮೇನ್ ಸ್ವಿಚ್ಚಿನ ಮುಂದೆ ಮತ್ತೆ ಗಂಟುಗಳು ಬಂದಿದ್ದವು, ಇಡಿಸಿದವರು ನಾವೇ. ಮೊದಲ ಅಭ್ಯಾಸ ನಮ್ಮನ್ನು ಹೊಗಳಿತ್ತು, ಎರಡನೆಯದು ಕಲಿಸಿತು.

ಈಗ ಧರ್ಮದ ಮಾತಿಗೆ ಬರೋಣ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯ ನಾಲ್ಕಕ್ಕೆ ಆಚಾರ್ಯರು ಶಿಕ್ಷಾವ್ರತಗಳೆಂದು ಹೆಸರಿಟ್ಟಿದ್ದಾರೆ. ಶಿಕ್ಷೆ ಎಂದರೆ ಇಲ್ಲಿ ದಂಡವಲ್ಲ, ಕಲಿಕೆ. ಸಾಮಾಯಿಕ ಅವುಗಳಲ್ಲಿ ಒಂದು. ಸಂಸಾರಿಯು ಎರಡು ಘಳಿಗೆ, ಅಂದರೆ 48 ನಿಮಿಷ, ಆರಂಭ ಪರಿಗ್ರಹಗಳನ್ನು ಬದಿಗಿಟ್ಟು ಸಮಭಾವದಲ್ಲಿ ಕೂಡುತ್ತಾನೆ. ಆ ಹೊತ್ತಿನಲ್ಲಿ ಅವನು ಮೈಮೇಲೆ ಬಟ್ಟೆ ಬಿದ್ದ ಮುನಿಯಂತೆ ಎಂಬ ಭಾವವನ್ನು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಮುನಿಯಾಗದವನು ಮುನಿಯಂತೆ ಕುಳಿತು ಕಲಿಯುವುದು. ಇದು ನಟನೆಯಲ್ಲ, ತಾಲೀಮು.

ಆದರೆ ನಾವು ಬಾಗಿಲು ಮುಚ್ಚಿ, ಫೋನು ಬಂದುಮಾಡಿ, ಮೊಮ್ಮಕ್ಕಳನ್ನು ಗದರಿಸಿ ದೂರ ಕಳಿಸಿ ಕೂಡುತ್ತಿದ್ದೆವು. ಎಲ್ಲ ಮೊದಲೇ ಗೊತ್ತಿದ್ದ ಚಾಲಕರಂತೆ ಸಲೀಸಾಗಿ ರನ್‌ವೇ ಮುಟ್ಟಿ ಏಳುತ್ತಿದ್ದೆವು. ಹೇಳದೆ ಬಂದ ಬೆಂಕಿಯ ಮುಂದೆ ಆ ಸಮಭಾವ ನಿಲ್ಲಲಿಲ್ಲ. ಈಗ ಬಾಗಿಲು ತೆರೆದೇ ಕೂಡುತ್ತೇವೆ. ಮಗು ಅತ್ತರೆ, ಯಾರಾದರೂ ಕೂಗಿದರೆ, ಅದನ್ನೂ ಅಭ್ಯಾಸವೆಂದೇ ತಿಳಿಯುತ್ತೇವೆ. ಎಷ್ಟೋ ದಿನ ಸೋಲುತ್ತೇವೆ, ಸುಳ್ಳು ಹೇಳುವುದಿಲ್ಲ.

ಆ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಆ ಹುಡುಗನನ್ನು ಕರೆದು, ಎಲ್ಲ ಆಳುಗಳ ಎದುರಿಗೇ ಕೈಮುಗಿದು ಕ್ಷಮೆ ಕೇಳಿದೆವು. ಬೈದದ್ದು ನಾಲ್ಕು ಜನರ ಎದುರು, ಕೇಳುವುದೂ ಹಾಗೆಯೇ ಆಗಬೇಕು. ಅವನು, "ಸಾವ್ಕಾರ್ರ, ಅವತ್ತ ನನಗ ಬಾಗಲ ಯಾವ ಕಡೆ ಅದ ಅನ್ನೂದೂ ಮರ್ತಿತ್ರೀ" ಎಂದ. ಇಂದು ಹೊಸಬರಿಗೆ ಸಿಲಿಂಡರಿನ ಪಿನ್ನು ಕಿತ್ತು, ಬೆಂಕಿಯ ಬುಡಕ್ಕೆ ಹಿಡಿದು ಅತ್ತಿತ್ತ ಆಡಿಸುವುದನ್ನು ಕಲಿಸುವವನು ಅವನೇ.

ವ್ಯಾಪಾರದಲ್ಲಿರುವ ಬಂಧುಗಳಲ್ಲಿ ಒಂದು ವಿನಂತಿ. ಯತ್ನಾಚಾರವಿಲ್ಲದೆ ಅಹಿಂಸೆಯಿಲ್ಲ. ನಮ್ಮ ಅಲಕ್ಷ್ಯದಿಂದ ಸುಡುವುದು ಮಾಲಷ್ಟೇ ಅಲ್ಲ, ಆಳುಗಳ ಪ್ರಾಣ, ಕಣ್ಣಿಗೆ ಕಾಣದ ಎಷ್ಟೋ ಜೀವಗಳು. ಮೂರು ತಿಂಗಳಿಗೊಮ್ಮೆಯಾದರೂ ಹೇಳದೆ ಒಂದು ಅಭ್ಯಾಸ ಮಾಡಿಸಿರಿ, ತಪ್ಪಿದವರನ್ನು ಬೈಯದಿರಿ. ಮನೆಯಲ್ಲಿ ಸೊಸೆ ಮೊಮ್ಮಕ್ಕಳಿಗೂ ಗ್ಯಾಸ್ ರೆಗ್ಯುಲೇಟರ್ ಬಂದುಮಾಡುವುದನ್ನು ಕಲಿಸಿರಿ. ಹೊತ್ತಿದ ಎಣ್ಣೆಗೆ ನೀರು ಸುರಿಯಬಾರದು, ಮುಚ್ಚಳ ಮುಚ್ಚಬೇಕೆಂದು ಹೇಳಿರಿ.

ಈ ಸಂಚಿಕೆ ಕೈಸೇರಿದ ದಿನವೇ ಮನೆಯ ಚಿಕ್ಕವರನ್ನು ಕರೆದು, ಮೇನ್ ಸ್ವಿಚ್ ಎಲ್ಲಿದೆ ಎಂದು ಕೇಳಿ ನೋಡಿರಿ. ಉತ್ತರಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿರಿ.