‘ಕಿಸ್ಸಿಂಗ್ ಡಿಸೀಸ್’ ಮುತ್ತಿನಿಂದ ಮಾತ್ರ ಬರುತ್ತದೆಯೇ? ಮಾನೋ ಜ್ವರದ ಬಗ್ಗೆ ತಿಳಿಯಬೇಕಾದದ್ದು

ಕಾಲೇಜಿಗೆ ಹೋಗುವ ಮಗಳಿಗೆ ಜ್ವರ, ವಿಪರೀತ ಗಂಟಲು ನೋವು. ವೈದ್ಯರು ‘ಮಾನೋ’ ಎಂದರು. ಮನೆಯವರು ಗೂಗಲ್ ಮಾಡಿದರೆ ಕಾಣುವ ಹೆಸರು ‘ಕಿಸ್ಸಿಂಗ್ ಡಿಸೀಸ್’. ಅಲ್ಲಿಂದ ಜ್ವರದ ಚಿಂತೆ ಹೋಗಿ ಅನುಮಾನ ಶುರು. ಇದು ಸರಿಯೇ?

ಖಂಡಿತ ಅಲ್ಲ. ಇನ್ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್‌ಗೆ ಹೆಚ್ಚಾಗಿ ಕಾರಣ ಎಪ್‌ಸ್ಟೀನ್-ಬಾರ್ ವೈರಸ್. 1964ರಲ್ಲಿ ಪತ್ತೆಯಾದ ಈ ವೈರಸ್ ಎಂಜಲಿನ ಮೂಲಕ ಹರಡುತ್ತದೆ. ಒಂದೇ ಲೋಟ, ಬಾಟಲಿ, ಚಮಚ ಹಂಚಿಕೊಂಡರೂ ಸಾಕು. ಜಗತ್ತಿನ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಇದು ಎಂದೋ ತಗುಲಿರುತ್ತದೆ. ಚಿಕ್ಕ ಮಕ್ಕಳಲ್ಲಿ ಬಂದದ್ದೇ ತಿಳಿಯುವುದಿಲ್ಲ. ಹದಿಹರೆಯದಲ್ಲಿ ಬಂದರೆ ಕಾಡುತ್ತದೆ. ಲಕ್ಷಣ ಕಾಣಲು 4ರಿಂದ 6 ವಾರ ಬೇಕು. ಹಾಗಾಗಿ ಯಾರಿಂದ ಬಂತೆಂದು ಹುಡುಕುವುದು ವ್ಯರ್ಥ.

ಆಂಟಿಬಯೋಟಿಕ್ ಕೆಲಸ ಮಾಡುತ್ತದೆಯೇ?

ಇಲ್ಲ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳಿಗೆ, ವೈರಸ್‌ಗೆ ಅಲ್ಲ. ಮಾನೋ ಇದ್ದಾಗ ಅಮಾಕ್ಸಿಸಿಲಿನ್ ನುಂಗಿದರೆ ಮೈತುಂಬ ಕೆಂಪು ದದ್ದು ಏಳಬಹುದು. ಕಳೆದ ಸಲ ಉಳಿದ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ.

ಹಾಗಾದರೆ ಏನು ಮಾಡಬೇಕು?

ವಿಶ್ರಾಂತಿ, ಸಾಕಷ್ಟು ನೀರು, ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು, ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಸಿಟಮಾಲ್. ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಬೇಡ. ನಮ್ಮಲ್ಲಿ ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದು. ಆದ್ದರಿಂದ ರಕ್ತಪರೀಕ್ಷೆಯಿಲ್ಲದೆ ಊಹೆ ಮಾಡಬೇಡಿ.

ಬಹಳ ಜನ ಮರೆಯುವ ಎಚ್ಚರಿಕೆ ಇನ್ನೊಂದಿದೆ. ಮಾನೋದಲ್ಲಿ ಹೊಟ್ಟೆಯ ಎಡ ಮೇಲ್ಭಾಗದಲ್ಲಿರುವ ಗುಲ್ಮ, ಅಂದರೆ ಸ್ಪ್ಲೀನ್, ಊದಿಕೊಳ್ಳಬಹುದು. ಪೆಟ್ಟು ಬಿದ್ದರೆ ಅದು ಒಡೆದು ಒಳಗೇ ರಕ್ತಸ್ರಾವವಾಗುವ ಅಪಾಯವಿದೆ. ಇದು ಅಪರೂಪ, ಆದರೆ ಪ್ರಾಣಾಪಾಯ. ಜ್ವರ ಬಿಟ್ಟಿತೆಂದು ಕಬಡ್ಡಿ, ಫುಟ್‌ಬಾಲ್, ಭಾರ ಎತ್ತುವುದಕ್ಕೆ ಇಳಿಯಬಾರದು. ಕಾಯಿಲೆ ಶುರುವಾದ ದಿನದಿಂದ ಕನಿಷ್ಠ 3 ವಾರ ಕಾದು, ವೈದ್ಯರು ಒಪ್ಪಿದ ಮೇಲೆಯೇ ಮೈದಾನಕ್ಕೆ ಹೋಗಬೇಕು.

ಎಡಹೊಟ್ಟೆಯಲ್ಲಿ ಹಠಾತ್ ನೋವು, ಉಸಿರಾಟಕ್ಕೆ ತೊಂದರೆ, ನೀರು ನುಂಗಲೂ ಆಗದಿರುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹೆಚ್ಚಿನವರು 2ರಿಂದ 4 ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಆಯಾಸ ಮಾತ್ರ ಕೆಲವರಿಗೆ ಇನ್ನೂ ಹಲವು ವಾರ ಉಳಿಯುತ್ತದೆ. ಅದು ಸೋಮಾರಿತನವಲ್ಲ, ಕಾಯಿಲೆಯ ಭಾಗ. ಮನೆಯ ಮಕ್ಕಳಿಗೆ ಆಗ ಬೇಕಿರುವುದು ವಿಚಾರಣೆಯಲ್ಲ, ಆರೈಕೆ ಎಂಬುದನ್ನು ನಾವು ನೆನಪಿಡೋಣ.