ಮಾರ್ಫಿನ್ ಹಾಗೂ ಇತರ ಓಪಿಯಾಯ್ಡ್ ನೋವು ನಿವಾರಕಗಳು: ಲಭ್ಯತೆ ಮತ್ತು ನಿಯಂತ್ರಣ – ಒಂದು ವಿಶ್ಲೇಷಣೆ

2025ರ ಫೆಬ್ರವರಿಯಲ್ಲಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಟ್ಯಾಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಎಂಬ ಎರಡು ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ತಯಾರಿಸಲು ಹಾಗೂ ರಫ್ತು ಮಾಡಲು ನೀಡಲಾಗಿದ್ದ ಅನುಮತಿಗಳನ್ನು ಹಿಂಪಡೆಯುವಂತೆ ರಾಜ್ಯಗಳಿಗೆ ಸೂಚಿಸಿತು. ಈ ಮಾತ್ರೆಗಳು ಘಾನಾ, ನೈಜೀರಿಯಾ ಮೊದಲಾದ ಪಶ್ಚಿಮ ಆಫ್ರಿಕಾದ ದೇಶಗಳಲ್ಲಿ ಅಮಲು ಪದಾರ್ಥವಾಗಿ ಬಿಕರಿಯಾಗುತ್ತಿರುವುದು ಬಿಬಿಸಿ ಸಂಸ್ಥೆಯ ತನಿಖಾ ವರದಿಯಿಂದ ಬಯಲಾಗಿತ್ತು. ಇದಕ್ಕೆ ಮುನ್ನ, 2018ರ ಏಪ್ರಿಲ್‌ನಲ್ಲಿ, ಟ್ರಮಡಾಲ್ ಔಷಧಿಯನ್ನು ಮಾದಕ ದ್ರವ್ಯಗಳು ಮತ್ತು ಮನೋಪರಿಣಾಮಿ ವಸ್ತುಗಳ ಅಧಿನಿಯಮ, 1985ರ ವ್ಯಾಪ್ತಿಗೆ ತರಲಾಗಿತ್ತು.

ಈ ಎರಡೂ ಕ್ರಮಗಳು ಅನ್ವಯಿಸಿದ್ದು 'ಲಘು' ಎಂದು ಪರಿಗಣಿಸಲ್ಪಟ್ಟು ಸುಲಭವಾಗಿ ಕೈಗೆ ಸಿಗುತ್ತಿದ್ದ ಔಷಧಿಗಳಿಗೆ. ಮೊದಲಿನಿಂದಲೂ ಬಿಗಿ ನಿಯಂತ್ರಣದಲ್ಲಿರುವ ಮಾರ್ಫಿನ್ ಮಾತ್ರ ಅದರ ನಿಜವಾದ ಅಗತ್ಯವಿರುವ ಅನೇಕ ಕ್ಯಾನ್ಸರ್ ರೋಗಿಗಳಿಗೆ ಇಂದಿಗೂ ದೊರೆಯುತ್ತಿಲ್ಲ. ಈ ವೈಪರೀತ್ಯಕ್ಕೆ ಕಾನೂನು ಒಂದು ಕಾರಣವಾದರೆ, ಔಷಧಿಗಳ ಕಾರ್ಯವಿಧಾನದ ಬಗ್ಗೆ ಇರುವ ತಪ್ಪು ತಿಳಿವಳಿಕೆ ಅದಕ್ಕಿಂತ ದೊಡ್ಡ ಕಾರಣವಾಗಿದೆ.

ಔಷಧಿಯು ದೇಹದಲ್ಲಿ ವರ್ತಿಸುವ ರೀತಿ

ಮಿದುಳು ಹಾಗೂ ಬೆನ್ನುಹುರಿಯ ನರಕೋಶಗಳ ಮೇಲೆ 'ಮ್ಯೂ' ಎಂಬ ಗ್ರಾಹಕಗಳಿವೆ. ದೇಹವೇ ಉತ್ಪಾದಿಸುವ ಎಂಡಾರ್ಫಿನ್‌ಗಳು ಈ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತವೆ; ಮಾರ್ಫಿನ್ ಸಹ ಅಲ್ಲಿಯೇ ಸೇರಿಕೊಳ್ಳುತ್ತದೆ. ಆಗ ನರಕೋಶದೊಳಕ್ಕೆ ಕ್ಯಾಲ್ಸಿಯಂ ಪ್ರವೇಶ ಕುಗ್ಗಿ, ಪೊಟ್ಯಾಸಿಯಂ ಹೊರಹರಿದು, ನೋವಿನ ಸಂದೇಶವು ಮುಂದಕ್ಕೆ ಸಾಗದಂತಾಗುತ್ತದೆ. ಇದೇ ಗ್ರಾಹಕಗಳು ಉಸಿರಾಟವನ್ನು ನಿಯಂತ್ರಿಸುವ ಕೇಂದ್ರದಲ್ಲಿಯೂ ಕರುಳಿನಲ್ಲಿಯೂ ಇರುವುದರಿಂದ, ಪ್ರಮಾಣ ಮಿತಿಮೀರಿದಲ್ಲಿ ಉಸಿರು ನಿಧಾನವಾಗುತ್ತದೆ; ಸರಿಯಾದ ಪ್ರಮಾಣದಲ್ಲಿಯೂ ಮಲಬದ್ಧತೆ ಉಂಟಾಗುತ್ತದೆ. ಆರಂಭದ ವಾಕರಿಕೆ ಮತ್ತು ತೂಕಡಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲವಾದ್ದರಿಂದ ಮಾರ್ಫಿನ್‌ನೊಂದಿಗೆ ಭೇದಿ ಔಷಧಿಯನ್ನು ಮೊದಲ ದಿನದಿಂದಲೇ ನೀಡುವುದು ರೂಢಿಯಲ್ಲಿದೆ.

ನುಂಗಿದ ಮಾರ್ಫಿನ್‌ನ ಸುಮಾರು ಮೂರನೆಯ ಒಂದು ಭಾಗ ಮಾತ್ರ ರಕ್ತವನ್ನು ಸೇರುತ್ತದೆ. ಉಳಿದುದನ್ನು ಯಕೃತ್ತು ಮೊದಲೇ ಮಾರ್ಪಡಿಸುತ್ತದೆ. ಸಾಧಾರಣ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ಆದುದರಿಂದಲೇ ನೋವು ಮರುಕಳಿಸುವವರೆಗೆ ಕಾಯದೆ ಗಡಿಯಾರ ನೋಡಿ ಮಾತ್ರೆ ನೀಡಬೇಕೆನ್ನಲಾಗುತ್ತದೆ. ಮಾರ್ಪಾಡಾದ ಅಂಶಗಳು ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪ್ರಮಾಣವನ್ನು ತಗ್ಗಿಸುವುದು ಅಥವಾ ಬೇರೆ ಔಷಧಿಯನ್ನು ಆರಿಸುವುದು ಅನಿವಾರ್ಯವಾಗುತ್ತದೆ.

ಇದಕ್ಕೆ ಹೋಲಿಸಿದಲ್ಲಿ ಲಘು ಎನ್ನಲಾಗುವ ಔಷಧಿಗಳ ನಡವಳಿಕೆಯನ್ನು ಮುಂಚಿತವಾಗಿ ಹೇಳುವುದು ಕಷ್ಟ. ಕೊಡೀನ್ ತಾನಾಗಿಯೇ ಹೆಚ್ಚು ನೋವು ಶಮನ ಮಾಡದು. ಯಕೃತ್ತಿನ ಒಂದು ಕಿಣ್ವವು ಅದನ್ನು ಮಾರ್ಫಿನ್ ಆಗಿ ಬದಲಿಸಬೇಕು. ಈ ಕಿಣ್ವವು ಅನುವಂಶೀಯವಾಗಿ ಕೆಲವರಲ್ಲಿ ಮಂದ, ಕೆಲವರಲ್ಲಿ ಅತಿ ಚುರುಕು. ಒಂದೇ ಮಾತ್ರೆ ಒಬ್ಬರಿಗೆ ನಿಷ್ಪ್ರಯೋಜಕವಾದರೆ ಇನ್ನೊಬ್ಬರಿಗೆ ಅಪಾಯಕಾರಿ. ಟ್ರಮಡಾಲ್‌ನ ಸ್ಥಿತಿಯೂ ಬಹುಮಟ್ಟಿಗೆ ಇದೇ. ಈ ಕಾರಣದಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2017ರಲ್ಲಿ, ನೋವಿಗಾಗಿ ಈ ಎರಡನ್ನೂ 12 ವರ್ಷದೊಳಗಿನ ಮಕ್ಕಳಿಗೆ ನೀಡಕೂಡದೆಂದು ಆದೇಶಿಸಿತು. ಇದಲ್ಲದೆ ಟ್ರಮಡಾಲ್ ಮಿದುಳಿನ ಸೆರೊಟೋನಿನ್ ಹಾಗೂ ನಾರ್‌ಅಡ್ರಿನಲಿನ್ ಮಟ್ಟವನ್ನು ಹೆಚ್ಚಿಸುತ್ತದೆ. ಖಿನ್ನತೆಯ ಕೆಲವು ಔಷಧಿಗಳೊಂದಿಗೆ ಸೇವಿಸಿದರೆ ಅಥವಾ ದಿನಕ್ಕೆ 400 ಮಿಲಿಗ್ರಾಂ ಮೀರಿದರೆ ಅಪಸ್ಮಾರದ ಸೆಳೆತ ಬರುವ ಸಂಭವ ಹೆಚ್ಚು. ಟ್ಯಾಪೆಂಟಡಾಲ್‌ಗೆ ಕ್ಯಾರಿಸೊಪ್ರೊಡಾಲ್‌ನಂತಹ ಮಂಪರು ತರಿಸುವ ಸ್ನಾಯು ಸಡಿಲಕವನ್ನು ಬೆರೆಸಿದಾಗ ಎರಡೂ ಒಟ್ಟಾಗಿ ಉಸಿರಾಟವನ್ನು ಕುಗ್ಗಿಸುತ್ತವೆ. ಲಘು ಎಂಬ ಹೆಸರು ವೈದ್ಯಶಾಸ್ತ್ರಕ್ಕಿಂತ ಮಾರುಕಟ್ಟೆಗೆ ಹೆಚ್ಚು ಅನುಕೂಲಕರವಾಗಿತ್ತೆಂದರೆ ತಪ್ಪಾಗಲಾರದು.

ಕಾನೂನು ಮತ್ತು ಲಭ್ಯತೆ

ಮಧ್ಯಪ್ರದೇಶ, ರಾಜಸ್ಥಾನ ಹಾಗೂ ಉತ್ತರ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಅಫೀಮು ಗಸಗಸೆ ಬೆಳೆಯುತ್ತಾರೆ. ಘಾಜಿಪುರ ಮತ್ತು ನೀಮಚ್‌ಗಳಲ್ಲಿ ಸರ್ಕಾರದ ಅಫೀಮು ಕಾರ್ಖಾನೆಗಳಿವೆ. ಹೀಗಿದ್ದರೂ 2017ರ ಅಕ್ಟೋಬರಿನಲ್ಲಿ ಪ್ರಕಟವಾದ ಲ್ಯಾನ್ಸೆಟ್ ಆಯೋಗದ ವರದಿಯ ಪ್ರಕಾರ ಭಾರತದಲ್ಲಿ ದೊರೆಯುತ್ತಿದ್ದ ಓಪಿಯಾಯ್ಡ್ ಪ್ರಮಾಣವು ಉಪಶಾಮಕ ಚಿಕಿತ್ಸೆಯ ಅಗತ್ಯದ ಶೇ. 4ರಷ್ಟು ಮಾತ್ರ.

1985ರ ಅಧಿನಿಯಮದ ನಂತರ ಆಸ್ಪತ್ರೆಯೊಂದು ಮಾರ್ಫಿನ್ ಇಟ್ಟುಕೊಳ್ಳಲು ಹಲವು ಪರವಾನಗಿಗಳನ್ನು ಬೇರೆ ಬೇರೆ ಇಲಾಖೆಗಳಿಂದ ಪಡೆಯಬೇಕಿತ್ತು. ಒಂದು ಬರುವ ವೇಳೆಗೆ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ದಾಖಲೆಯ ಸಣ್ಣ ಲೋಪಕ್ಕೂ ಕಠಿಣ ಶಿಕ್ಷೆಯ ಭೀತಿಯಿದ್ದುದರಿಂದ ಅನೇಕ ಆಸ್ಪತ್ರೆಗಳು ಮಾರ್ಫಿನ್ ದಾಸ್ತಾನನ್ನೇ ಕೈಬಿಟ್ಟವು. 2014ರ ತಿದ್ದುಪಡಿಯು 'ಅಗತ್ಯ ಮಾದಕ ಔಷಧಿಗಳು' ಎಂಬ ಹೊಸ ವರ್ಗವನ್ನು ರೂಪಿಸಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೀನ್ ಮತ್ತು ಹೈಡ್ರೊಕೊಡೋನ್ ಇದರಲ್ಲಿ ಸೇರಿವೆ. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ರಾಜ್ಯ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕೆಂದಾಯಿತು.

ಕಾನೂನು ಸಡಿಲವಾದರೂ ಭಯ ಸಡಿಲವಾಗಿಲ್ಲ. 'ಮಾರ್ಫಿನ್ ಕೊಟ್ಟರೆಂದರೆ ಕೊನೆಗಾಲ ಬಂತು' ಎಂಬ ನಂಬಿಕೆ ಮನೆಗಳಲ್ಲಿದೆ; ರೋಗಿ ಚಟಕ್ಕೆ ಬೀಳುವನೆಂಬ ಆತಂಕ ವೈದ್ಯರಲ್ಲಿಯೂ ಉಂಟು. ಕೆಲವು ವಾರಗಳ ಸೇವನೆಯ ನಂತರ ದೇಹವು ಔಷಧಿಗೆ ಒಗ್ಗಿಕೊಳ್ಳುವುದು, ಹಠಾತ್ತನೆ ನಿಲ್ಲಿಸಿದರೆ ಬೆವರು, ನಡುಕ, ಹೊಟ್ಟೆನೋವು ಕಾಣಿಸಿಕೊಳ್ಳುವುದು ನಿರೀಕ್ಷಿತ ದೈಹಿಕ ಕ್ರಿಯೆ. ಪ್ರಮಾಣವನ್ನು ಹಂತಹಂತವಾಗಿ ಇಳಿಸಿದಲ್ಲಿ ಇದನ್ನು ತಪ್ಪಿಸಬಹುದು. ಹಾನಿಯನ್ನು ಅರಿತೂ ಔಷಧಿಗಾಗಿ ಹಾತೊರೆಯುವ ಚಟವು ಬೇರೆಯದೇ ಸ್ಥಿತಿ.

ಅಮೆರಿಕದ ಅನುಭವವನ್ನು ಇಲ್ಲಿ ಮರೆಯುವಂತಿಲ್ಲ. ಆಕ್ಸಿಕಾಂಟಿನ್ ಮಾತ್ರೆಯನ್ನು 1996ರಿಂದ ದೀರ್ಘಕಾಲದ ಬೆನ್ನುನೋವಿನಂತಹ ತೊಂದರೆಗಳಿಗೂ ಧಾರಾಳವಾಗಿ ಪ್ರಚಾರ ಮಾಡಲಾಯಿತು. ಮುಂದೆ ಹೆರಾಯಿನ್, ಅಕ್ರಮ ಫೆಂಟನಿಲ್‌ಗಳು ಆ ಜಾಗಕ್ಕೆ ಬಂದು, 2021ರಲ್ಲಿ ಎಲ್ಲ ಬಗೆಯ ಮಾದಕಗಳ ಅತಿಸೇವನೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಆದರೆ ಅಲ್ಲಿನ ಅತಿಯನ್ನು ಮುಂದಿಟ್ಟು ಇಲ್ಲಿನ ಕೊರತೆಯನ್ನು ಸಮರ್ಥಿಸಲಾಗದು.

ಮನೆಯಲ್ಲಿ ಆರೈಕೆ ಮಾಡುವವರು ಗಮನಿಸಬೇಕಾದುದೇನೆಂದರೆ, ಫೆಂಟನಿಲ್ ಪಟ್ಟಿಯು ಮಾರ್ಫಿನ್‌ಗಿಂತ ಅನೇಕ ಪಟ್ಟು ಪ್ರಬಲವಾದುದು. ಅಂತಹ ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬಾರದು, ಒಬ್ಬರ ಪಟ್ಟಿಯನ್ನು ಇನ್ನೊಬ್ಬರಿಗೆ ಅಂಟಿಸಬಾರದು. ಈ ಔಷಧಿಗಳೊಂದಿಗೆ ಮದ್ಯ ಹಾಗೂ ವೈದ್ಯರು ಸೂಚಿಸದ ನಿದ್ರೆ ಮಾತ್ರೆಗಳು ವರ್ಜ್ಯ. ಎಬ್ಬಿಸಿದರೂ ಏಳದ ಮಂಪರು ಮತ್ತು ನಿಧಾನಗತಿಯ ಉಸಿರು ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ನೀಡಲಾಗುವ ನಲೋಕ್ಸೋನ್ ಚುಚ್ಚುಮದ್ದು ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದಾದರೂ ಅದರ ಪರಿಣಾಮವು ಓಪಿಯಾಯ್ಡ್‌ಗಿಂತ ಬೇಗ ಮುಗಿಯಬಹುದಾದ್ದರಿಂದ, ಎಚ್ಚರಗೊಂಡ ರೋಗಿಯನ್ನು ಕೂಡಲೇ ಮನೆಗೆ ಕರೆದೊಯ್ಯತಕ್ಕದ್ದಲ್ಲ. ಉಳಿದ ಮಾತ್ರೆಗಳನ್ನು ಔಷಧಿ ನೀಡಿದ ಸಂಸ್ಥೆಗೆ ಹಿಂದಿರುಗಿಸುವುದು ಸೂಕ್ತ.