20,000 ಬಿಡಿಭಾಗ, ಒಂದು ಎಕ್ಸೆಲ್ ಹಾಳೆ

ನಮ್ಮ ಸಣ್ಣ ಕೈಗಾರಿಕೆಗಳಲ್ಲಿ ಗಣಕಯಂತ್ರವಿಲ್ಲದ ಕಚೇರಿ ಇಂದು ವಿರಳವೆಂದೇ ಹೇಳಬೇಕು. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ಬಿಲ್ಲು, ರಿಟರ್ನುಗಳೆಲ್ಲ ಗಣಕದ ಮೂಲಕವೇ ಸಾಗಬೇಕಾಗಿದೆ. 2023ರ ಆಗಸ್ಟ್‌ನಿಂದ 5 ಕೋಟಿ ರೂಪಾಯಿಗೆ ಮೀರಿದ ವಹಿವಾಟು ಉಳ್ಳವರಿಗೆ ಇ-ಇನ್‌ವಾಯ್ಸ್ ಸಹ ಕಡ್ಡಾಯವಾಗಿದೆ. ಇಷ್ಟಾದರೂ, ಬಿಲ್ಲಾಗುವ ಮುನ್ನ ಆ ಮಾಲು ಕಾರ್ಖಾನೆಯೊಳಗೆ ಎಲ್ಲಿತ್ತು, ಯಾವ ಯಂತ್ರದ ಮುಂದೆ ಎಷ್ಟು ದಿನ ಕಾದು ಕುಳಿತಿತ್ತು ಎಂದು ಕೇಳಿದರೆ ಬಹುಪಾಲು ಘಟಕಗಳಲ್ಲಿ ಮೇಸ್ತ್ರಿಯ ನೆನಪೇ ಉತ್ತರ. ಸರ್ಕಾರ ಕೇಳಿದ ಲೆಕ್ಕವನ್ನು ನಾವು ಇಟ್ಟಿದ್ದೇವೆ. ನಮಗೆ ಬೇಕಾದ ಲೆಕ್ಕವನ್ನು ಇಟ್ಟಿಲ್ಲ.

ಈ ಕೊರತೆ ಸಣ್ಣವರದು ಮಾತ್ರವೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನ ಹೆಸರಾಂತ ಫಾರ್ಮುಲಾ ಒನ್ ತಂಡವಾದ ವಿಲಿಯಮ್ಸ್‌ನ ಕಥೆಯನ್ನು ನಮ್ಮ ಉದ್ಯಮಿಗಳು ಗಮನವಿಟ್ಟು ನೋಡಬೇಕೆಂಬುದು ನನ್ನ ಅಭಿಪ್ರಾಯ. ಮೋಟಾರು ಓಟವೆಂದರೆ ಹಣವಂತರ ಹುಚ್ಚು, ಅದರಿಂದ ನಮಗೇನು ಪಾಠ ಎಂದು ಕೇಳುವವರೂ ಇರಬಹುದು. ವಾಸ್ತವದಲ್ಲಿ ರೇಸಿನ ತಂಡವೆಂಬುದು ಒಂದು ಜಾಬ್ ವರ್ಕ್ ಕಾರ್ಖಾನೆಯೇ ಸರಿ. ಒಂದೊಂದು ಬಿಡಿಭಾಗವೂ ಬೆರಳೆಣಿಕೆಯ ಸಂಖ್ಯೆಯಲ್ಲಿ ತಯಾರಾಗುತ್ತದೆ, ವಿನ್ಯಾಸ ಮೇಲಿಂದ ಮೇಲೆ ಬದಲಾಗುತ್ತದೆ, ಗಡುವು ಮಾತ್ರ ಒಂದು ದಿನವೂ ಮುಂದೆ ಹೋಗದು.

ಫ್ರ್ಯಾಂಕ್ ವಿಲಿಯಮ್ಸ್ ಅವರು ಎಂಜಿನಿಯರ್ ಪ್ಯಾಟ್ರಿಕ್ ಹೆಡ್ ಅವರೊಡಗೂಡಿ 1977ರಲ್ಲಿ ಡಿಡ್ಕಟ್ ಪಟ್ಟಣದ ಹಳೆಯ ಕಾರ್ಪೆಟ್ ಗೋದಾಮೊಂದರಲ್ಲಿ ಆರಂಭಿಸಿದ ಸಂಸ್ಥೆಯಿದು. 1980ರಿಂದ 1997ರ ಅವಧಿಯಲ್ಲಿ 9 ಬಾರಿ ತಯಾರಕರ ಚಾಂಪಿಯನ್ ಪಟ್ಟ ಗಳಿಸಿತು. 1986ರ ರಸ್ತೆ ಅಪಘಾತದ ನಂತರ ಗಾಲಿಕುರ್ಚಿಗೆ ಸೀಮಿತರಾದರೂ ಫ್ರ್ಯಾಂಕ್ ಅವರು ತಂಡವನ್ನು ಬಿಟ್ಟುಕೊಡಲಿಲ್ಲ. 2013ರಿಂದ ಮಗಳು ಕ್ಲೇರ್ ದಿನನಿತ್ಯದ ಆಡಳಿತ ವಹಿಸಿಕೊಂಡರು. ಆ ಬಳಿಕ ಒಂದೆರಡು ಒಳ್ಳೆಯ ವರ್ಷಗಳು ಬಂದವಾದರೂ 2018, 2019, 2020 ಈ ಮೂರು ವರ್ಷವೂ ತಂಡ ಕೊನೆಯ ಸ್ಥಾನದಲ್ಲಿತ್ತು. 2019ರಲ್ಲಂತೂ ಕಾರು ಸಕಾಲಕ್ಕೆ ಜೋಡಣೆಯಾಗದೆ ಬಾರ್ಸಿಲೋನಾದ ಪರೀಕ್ಷಾ ಓಟದಲ್ಲಿ ಎರಡು ದಿನಕ್ಕೂ ಹೆಚ್ಚು ಕಾಲ ನಷ್ಟವಾಯಿತು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಡೋರಿಲ್ಟನ್ ಕ್ಯಾಪಿಟಲ್ ಸಂಸ್ಥೆ ತಂಡವನ್ನು ಕೊಂಡುಕೊಂಡಿತು. ಮರುತಿಂಗಳೇ ಕುಟುಂಬ ಹೊರನಡೆಯಿತು.

ಹೊಸ ಮಾಲೀಕರು ಬಂದು ಎರಡೂವರೆ ವರ್ಷವಾದ ಮೇಲೆ, 2023ರ ಆರಂಭದಲ್ಲಿ, ಮರ್ಸಿಡಿಸ್ ತಂಡದಿಂದ ಬಂದ ಜೇಮ್ಸ್ ವೌಲ್ಸ್ ಮುಖ್ಯಸ್ಥರಾದರು. ಅಲ್ಲಿ ಅವರು ಕಂಡದ್ದನ್ನು 2024ರಲ್ಲಿ ಬಹಿರಂಗವಾಗಿಯೇ ಹೇಳಿದರು. ಕಾರಿನ ಸುಮಾರು 20,000 ಬಿಡಿಭಾಗಗಳ ಪಟ್ಟಿ ಒಂದು ಎಕ್ಸೆಲ್ ಹಾಳೆಯಲ್ಲಿತ್ತು! ಭಾಗದ ಬೆಲೆ ಎಷ್ಟು, ತಯಾರಿಗೆ ಎಷ್ಟು ಸಮಯ ಬೇಕು, ಸದ್ಯ ಎಷ್ಟು ಲಭ್ಯ ಇವೆ ಎಂಬ ಯಾವ ವಿವರವೂ ಅದರಲ್ಲಿರಲಿಲ್ಲ. ವಿವರವಿಲ್ಲವೆಂದಾದರೆ ಯಾವುದು ಮೊದಲು, ಯಾವುದು ನಂತರ ಎಂದು ನಿರ್ಧರಿಸುವುದಾದರೂ ಹೇಗೆ? ಭಾಗ ಸಿಗದಿದ್ದಾಗ ಯಾರೋ ಒಬ್ಬರು ಕಾರ್ಖಾನೆಯುದ್ದಕ್ಕೂ ಹುಡುಕುತ್ತ ಹೋಗುವುದೇ ಪದ್ಧತಿಯಾಗುತ್ತದೆ. ನಮ್ಮ ಸ್ಟೋರ್ಸ್ ವಿಭಾಗಗಳನ್ನು ಬಲ್ಲವರಿಗೆ ಈ ದೃಶ್ಯವನ್ನು ವರ್ಣಿಸಬೇಕಾದ ಅಗತ್ಯವಿಲ್ಲ.

ಇದರ ಬೆಲೆ 2024ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ಜಗತ್ತಿನೆದುರು ಬಯಲಾಯಿತು. ಶುಕ್ರವಾರದ ಅಭ್ಯಾಸದಲ್ಲಿ ಅಲೆಕ್ಸ್ ಆಲ್ಬನ್ ಅವರ ಕಾರು ಅಪಘಾತಕ್ಕೀಡಾಗಿ ಚಾಸಿ ದುರಸ್ತಿಗೆ ಸಿಗದಷ್ಟು ಜಖಂಗೊಂಡಿತು. ತಂಡಗಳು ಮೂರನೆಯ ಚಾಸಿಯೊಂದನ್ನು ಒಯ್ಯುವುದು ರೂಢಿ. ಉತ್ಪಾದನೆ ಹಿಂದೆ ಬಿದ್ದಿದ್ದರಿಂದ ವಿಲಿಯಮ್ಸ್‌ನಲ್ಲಿ ಅದು ಇನ್ನೂ ಸಿದ್ಧವಾಗಿರಲಿಲ್ಲ. ಪರಿಣಾಮವಾಗಿ, ಯಾವ ತಪ್ಪೂ ಮಾಡದ ಎರಡನೆಯ ಚಾಲಕ ಲೋಗನ್ ಸಾರ್ಜೆಂಟ್ ಅವರ ಕಾರನ್ನು ಪಡೆದು ಆಲ್ಬನ್‌ಗೆ ಕೊಡಲಾಯಿತು. ಸಾರ್ಜೆಂಟ್ ಓಟದಿಂದಲೇ ಹೊರಗುಳಿದರು. ಆಲ್ಬನ್ 11ನೆಯವರಾದರು. ಅಂಕ ದೊರೆಯುವುದು ಮೊದಲ 10 ಮಂದಿಗೆ ಮಾತ್ರ.

ದೋಷವೆಲ್ಲ ಎಕ್ಸೆಲ್‌ನದೆಂದು ತೀರ್ಮಾನಿಸುವುದು ಸರಿಯಲ್ಲ. 200 ಬಾಬ್ತುಗಳ ಘಟಕಕ್ಕೆ ಎಕ್ಸೆಲ್ ಧಾರಾಳವಾಗಿ ಸಾಕು; ಶಿಸ್ತಿನಿಂದ ಬರೆದರೆ ಕಿರ್ದಿ ಪುಸ್ತಕವೂ ಸಾಕು. ಪಟ್ಟಿಯೆಂಬುದು ನಿಂತ ನೀರು, ಮಾಲು ಹರಿಯುವ ನೀರು. ಏನೇನಿದೆ ಎಂದು ಬರೆದರೆ ಸಾಲದು. ಅದು ಎಲ್ಲಿಂದ ಎಲ್ಲಿಗೆ, ಯಾವ ದಿನ ಹೋಯಿತು ಎಂದು ಬರೆಯಬೇಕು. ಡಿಡ್ಕಟ್‌ನ ಗೋದಾಮಿನ ದಿನಗಳಲ್ಲಿ ಬೆರಳೆಣಿಕೆಯ ಜನ ಪರಸ್ಪರ ಕೂಗಿ ಹೇಳಿದರೆ ಕೆಲಸ ನಡೆಯುತ್ತಿದ್ದಿರಬೇಕು. ನೂರಾರು ಜನ, ಸಾವಿರಾರು ಭಾಗ ಸೇರಿದ ಮೇಲೆ ಕೂಗು ಕೇಳಿಸದು. ಕುಟುಂಬದ ಉದ್ದಿಮೆಗಳಲ್ಲಿ ಈ ಘಟ್ಟ ಯಾವಾಗ ದಾಟಿತೆಂಬುದು ಒಳಗಿನವರಿಗೆ ತಿಳಿಯುವುದೇ ಇಲ್ಲ. ಎಲ್ಲವೂ ಯಜಮಾನರಿಗೆ ಗೊತ್ತಿದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿರುತ್ತದೆ.

ತಂತ್ರಾಂಶ ಕೊಂಡ ಮರುದಿನವೇ ಲಾಭವೆಂದು ನಂಬಿಸುವ ಮಾರಾಟಗಾರರ ಮಾತಿಗೂ ಇಲ್ಲಿ ಉತ್ತರವಿದೆ. ವೌಲ್ಸ್ ಅವರು ಹಳೆಯ ಪದ್ಧತಿಯನ್ನು ಬಿಟ್ಟು ಗಣಕೀಕೃತ ವ್ಯವಸ್ಥೆಗೆ ಹೊರಳಿದ್ದು 2024ರ ಕಾರು ತಯಾರಾಗುತ್ತಿದ್ದ ಹೊತ್ತಿನಲ್ಲಿಯೇ. ಆ ಗಡಿಬಿಡಿಯಲ್ಲಿ ಕೆಲಸ ಮತ್ತಷ್ಟು ತಡವಾಯಿತು. 2023ರಲ್ಲಿ 7ನೆಯದಾಗಿದ್ದ ತಂಡ 2024ರಲ್ಲಿ 9ಕ್ಕೆ ಇಳಿಯಿತು. 2025ರಲ್ಲಿ 137 ಅಂಕಗಳೊಡನೆ 5ನೆಯ ಸ್ಥಾನಕ್ಕೇರಿತು. ಆ ಏರಿಕೆಗೆ ಕಾರ್ಲೋಸ್ ಸೈಂಜ್‌ರಂಥ ಚಾಲಕರೂ, ಸುಧಾರಿಸಿದ ಕಾರೂ ಕಾರಣ. ದಾಖಲೆ ಪದ್ಧತಿಯೊಂದಕ್ಕೇ ಯಶಸ್ಸನ್ನು ಕಟ್ಟುವುದು ಅತಿಶಯೋಕ್ತಿಯಾದೀತು. ಆದರೆ 2021ರಿಂದ ಫಾರ್ಮುಲಾ ಒನ್‌ನಲ್ಲಿ ವೆಚ್ಚಕ್ಕೆ ಮಿತಿ ಬಂದಿದೆ. ಮೊದಲ ವರ್ಷ ಅದು 14.5 ಕೋಟಿ ಡಾಲರ್ ಆಗಿತ್ತು. ಅಂಥ ಮಿತಿಯಡಿ ಒಂದು ಭಾಗದ ಬೆಲೆಯನ್ನೇ ಅರಿಯದ ತಂಡ ಯಾವುದಕ್ಕೆ ಹಣ ಹಾಕಬೇಕೆಂದು ನಿರ್ಣಯಿಸಲಾರದು. ನಮಗೆ ಮಿತಿ ಹೇರುವುದು ಬ್ಯಾಂಕಿನ ಓವರ್‌ಡ್ರಾಫ್ಟು, ಅಷ್ಟೇ ವ್ಯತ್ಯಾಸ.

ಗಣಕದಲ್ಲಿ ಲೆಕ್ಕ ಇಡುವ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಹೆಮ್ಮೆಪಡುವ ಕಾರಣವೂ ಇದೆ. ಗಿರಣಿಗಳಿಗೆ ಕಚ್ಚಾ ಸಾಮಗ್ರಿ ಹಾಗೂ ಯಂತ್ರಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಕ್ಕ ತಂತ್ರಾಂಶ ದೊರೆಯದೆ, ಮಗ ಭರತ್ ಅವರಿಂದಲೇ ಬರೆಸಿದ್ದು ಟ್ಯಾಲಿಯಾಯಿತು. 1986ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಕೇಂದ್ರ ಬೆಂಗಳೂರು. ತಮ್ಮ ಅಂಗಡಿಗೆ ಏನು ಬೇಕೆಂದು ಬಲ್ಲ ವರ್ತಕರೊಬ್ಬರು ಪಟ್ಟು ಹಿಡಿದದ್ದರಿಂದ ಹುಟ್ಟಿದ ತಂತ್ರಾಂಶವದು. ಆ ಪಟ್ಟು ನಮ್ಮಲ್ಲಿ ಕಾಣೆಯಾಗಿದೆ. ಟ್ಯಾಲಿ ಬಳಸುವ ಅನೇಕ ಘಟಕಗಳು ಅದರ ದಾಸ್ತಾನು ವಿಭಾಗವನ್ನು ತೆರೆದೂ ನೋಡಿಲ್ಲ.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಹೊರಗೆ ಹೋದ ಮಾಲಿನಿಂದ ಎಂಬುದು ನನ್ನ ಸಲಹೆ. ಪ್ಲೇಟಿಂಗ್‌ಗೋ ಹೀಟ್ ಟ್ರೀಟ್‌ಮೆಂಟ್‌ಗೋ 500 ಶಾಫ್ಟ್ ಕಳುಹಿಸಿ 460 ಮರಳಿದರೆ ಉಳಿದ 40ರ ಲೆಕ್ಕ ಯಾರಲ್ಲಿದೆ? ಜಾಬ್ ವರ್ಕಿಗೆ ಕಳುಹಿಸಿದ ಸಾಮಗ್ರಿ ಸಾಮಾನ್ಯವಾಗಿ 1 ವರ್ಷದೊಳಗೆ ಮರಳದಿದ್ದರೆ, ಕಳುಹಿಸಿದ ದಿನವೇ ಪೂರೈಕೆಯಾದಂತೆ ತೆರಿಗೆ ಕಾಯಿದೆ ಪರಿಗಣಿಸುತ್ತದೆ. ಚಲನ್ ಸಂಖ್ಯೆ, ಭಾಗ, ಎಣಿಕೆ, ಹೋದ ದಿನ, ಬಂದ ದಿನ, ಹೀಗೆ ಐದು ಅಂಕಣ ಸಾಕು. ಅದನ್ನು ಆರ್ಡರುಗಳ ಒತ್ತಡವಿಲ್ಲದ ತಿಂಗಳಲ್ಲಿ ಆರಂಭಿಸಬೇಕು. ಮಾಲೀಕರೇ ನಮೂದಿಸದೆ ನಾಲ್ಕು ಪೀಸು ಎತ್ತಿಕೊಂಡು ಗ್ರಾಹಕರಿಗೆ ತೋರಿಸಲು ಹೋದರೆ ಆ ಪುಸ್ತಕದ ಆಯುಷ್ಯ ಅಂದಿಗೇ ಮುಗಿಯಿತು.

ವಾಣಿಜ್ಯ ಸಂಸ್ಥೆಗಳು ನಡೆಸುವ ಗಣಕ ತರಬೇತಿ ಶಿಬಿರಗಳು ಬಹುತೇಕ ರಿಟರ್ನು ಸಲ್ಲಿಕೆಗೆ ಮೀಸಲಾಗಿವೆ. ಅವುಗಳಲ್ಲಿ ಒಂದು ಪೂರ್ಣ ದಿನವನ್ನು ಕಾರ್ಖಾನೆಯೊಳಗಿನ ಮಾಲಿನ ಚಲನೆಗೆ ಮೀಸಲಿಡಬೇಕು. ಅಂದು ಲೆಕ್ಕಿಗರ ಬದಲು ಸ್ಟೋರ್ ಕೀಪರನ್ನೂ ಮೇಸ್ತ್ರಿಯನ್ನೂ ಕರೆಸಬೇಕು. ನಮ್ಮ ಸಂಸ್ಥೆಯ ಕಾರ್ಯಕಾರಿ ಸಮಿತಿ ಮುಂದಿನ ಸಭೆಯಲ್ಲಿ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.